ನಾಲ್ಕನೇ ಸೀಟಿನ ದೀಪ

ನಂಬರಕ್ಕನ ಮನೆಯ ಬಾಗಿಲು ತಟ್ಟಿದವರಿಗೆಲ್ಲ ಒಳಗಿನಿಂದ ಬರುತ್ತಿದ್ದ ಉತ್ತರ ಒಂದೇ: "ಲೈನ್‌ನಲ್ಲೇ ಇರಿ." ಅಂಚೆಯವನಿಗೂ ಅದೇ, ಹಾಲಿನವನಿಗೂ ಅದೇ. ಹಾಲಿನವನು ಬಲು ತುಂಟ. "ಎಷ್ಟು ಹೊತ್ತು ಇರ್ಲಿ ಅಕ್ಕ, ಹಾಲು ಒಡೆಯೋವರೆಗೂನಾ?" ಎಂದು ಕೇಳುತ್ತಿದ್ದ. "ಒಡೆದ್ರೆ ನಿನ್ನ ತಲೆ ಮೇಲೇ ಸುರೀತೀನಿ, ಇರು" ಎನ್ನುತ್ತ ಆಕೆ ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರು.

ನಮ್ಮ ಬೀದಿಯ ಕೊನೆಯ ಮನೆ ಅವರದು. ಮೂವತ್ತಾರು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ಮದುವೆಯಾಗಿರಲಿಲ್ಲ. ನಾನು ಅವರಿಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನಾದ್ದರಿಂದ ಅಕ್ಕ ಎಂದೇ ಕರೆಯುತ್ತಿದ್ದೆ. ಅವರು ತೀರಿಕೊಂಡು ಈಗ ಎರಡು ವರ್ಷ. ಬದುಕಿದ್ದಾಗ, "ನಾನು ಹೋದ ಮೇಲೆ ಬೇಕಾದ್ರೆ ಬರೀರಿ ಮೇಷ್ಟ್ರೇ, ಆದ್ರೆ ಚೆನ್ನಾಗಿ ಕಾಣೋ ಹಾಗೆ ಬರೀಬೇಡಿ" ಎಂದು ಹೇಳಿದ್ದರು. ಆ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಹಳೆಯ ಎಕ್ಸ್‌ಚೇಂಜಿನಲ್ಲಿ ಆರು ಸೀಟುಗಳಿದ್ದವು. ಎದುರಿಗೆ ಎದೆಯೆತ್ತರದ ಬೋರ್ಡು, ಅದರ ತುಂಬ ಸಣ್ಣ ಸಣ್ಣ ತೂತುಗಳು, ಪ್ರತಿಯೊಂದಕ್ಕೂ ಕಡಲೆಕಾಳಿನಷ್ಟು ಒಂದು ದೀಪ. ಯಾರಾದರೂ ಫೋನೆತ್ತಿದರೆ ದೀಪ ಹೊತ್ತಿಕೊಳ್ಳುವುದು. ಆಪರೇಟರ್ ವಯರಿನ ತುದಿಯ ಪ್ಲಗ್ಗನ್ನು ಆ ತೂತಿಗೆ ಸಿಕ್ಕಿಸಿ, "ನಂಬರ್ ಹೇಳಿ" ಎನ್ನುವುದು. ಅಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಎರಡು, ನಿನ್ನ ದೀಪ ನೋಡೇ", "ಐದು, ಮೆತ್ತಗೆ ಮಾತಾಡು" ಎಂದು ಸೀಟಿನ ಸಂಖ್ಯೆಯಿಂದಲೇ ಕರೆಯುತ್ತಿದ್ದರು. ನಾಲ್ಕನೇ ಸೀಟಿನವರು ಕಿರಿಯರಿಗೆ ನಾಲ್ಕನೇ ನಂಬರಕ್ಕನಾದರು. ಊರಿನ ಬಾಯಲ್ಲಿ ಸವೆದು ನಂಬರಕ್ಕ ಉಳಿಯಿತು.

ಅವರ ಮನೆಯಲ್ಲಿ ಕೆಲವು ವಿಚಿತ್ರಗಳಿದ್ದವು. ಜೀವಮಾನವೆಲ್ಲ ಫೋನಿನಲ್ಲಿ ಕಳೆದವರ ಮನೆಯಲ್ಲಿ ಫೋನೇ ಇರಲಿಲ್ಲ. ರೇಡಿಯೋದ ಮುಂದಿನ ಪುಟ್ಟ ದೀಪಕ್ಕೆ ಕಪ್ಪು ಬಟ್ಟೆಯ ತುಂಡೊಂದನ್ನು ಅಂಟಿಸಿದ್ದರು. ನಮ್ಮ ಮನೆಗೆ ಬಂದು ಎಂದಾದರೂ ಫೋನ್ ಮಾಡಿದರೆ ರಿಸೀವರನ್ನು ಕಿವಿಗೆ ಒತ್ತಿಕೊಳ್ಳುತ್ತಿರಲಿಲ್ಲ. ಒಂದು ಅಂಗುಲ ದೂರದಲ್ಲಿ ಹಿಡಿಯುತ್ತಿದ್ದರು. ಆಚೆ ಕಡೆಯವರ ಮಾತು ಕೋಣೆಗೆಲ್ಲ ಕೇಳುತ್ತಿತ್ತು. ನನ್ನ ಹೆಂಡತಿ, "ಅಕ್ಕನ ಗುಟ್ಟು ತಿಳ್ಕೋಬೇಕಂದ್ರೆ ಕಷ್ಟವೇ ಇಲ್ಲ" ಎಂದು ನಗುತ್ತಿದ್ದಳು. ಅದು ತಪ್ಪು ಲೆಕ್ಕ ಎಂದು ನಮಗೆ ಬಹಳ ತಡವಾಗಿ ತಿಳಿಯಿತು.

ಇನ್ನೊಂದು ವಿಚಿತ್ರವೆಂದರೆ ದಿಂಬಿನ ಗವಸು. ತಿಂಗಳಿಗೊಮ್ಮೆ ಒಂದು ತುಂಡು ಬಿಳಿ ಬಟ್ಟೆ ಮಡಿಸಿಕೊಂಡು, ಮಾರುಕಟ್ಟೆಯ ಹಿಂದಿನ ಓಣಿಯಲ್ಲಿದ್ದ ದರ್ಜಿ ಹೆಂಗಸಿನ ಬಳಿ ಹೋಗಿ ಗವಸು ಹೊಲಿಸಿಕೊಂಡು ಬರುತ್ತಿದ್ದರು. ಆ ದರ್ಜಿಯನ್ನು ಊರು ಸೂಜಿಯಮ್ಮ ಎಂದು ಕರೆಯುತ್ತಿತ್ತು. ಒಂಟಿ ಹೆಂಗಸು, ಮಲಗುವುದು ಒಂದೇ ದಿಂಬಿನ ಮೇಲೆ. "ಇಷ್ಟೊಂದು ಗವಸು ಏನ್ ಮಾಡ್ತೀರಿ ಅಕ್ಕ?" ಎಂದರೆ, "ತಲೆ ಭಾರ ಇದೆ ಮೇಷ್ಟ್ರೇ, ಬೇಗ ಹರಿಯುತ್ತೆ" ಎನ್ನುತ್ತಿದ್ದರು.

ನಮ್ಮೂರಿನ ಮೇಲೆ ಯುದ್ಧಕಾಲದಲ್ಲಿ ಒಮ್ಮೆ ಬಾಂಬು ಬಿತ್ತು. ಆಗ ನಾನು ಬೇರೆ ಊರಿನಲ್ಲಿ ಓದುತ್ತಿದ್ದೆ. ನನ್ನಂಥವರಿಗೆ ಆ ದಿನವನ್ನು ತಿಳಿಯಲು ಎರಡು ಪುಸ್ತಕಗಳಿದ್ದವು. ಒಂದು, ಪುರಸಭೆ ಅಚ್ಚು ಹಾಕಿಸಿದ ಯುದ್ಧಕಾಲದ ವರದಿ. ಬೂದು ಬಣ್ಣದ ತೆಳ್ಳನೆಯ ಪುಸ್ತಕ. ಇನ್ನೊಂದು, ದಪ್ಪನೆಯ ಕಾದಂಬರಿ. ಅದನ್ನು ಬರೆದವರು ನಮ್ಮೂರಿನವರಲ್ಲ. ಸಿಪಾಯಿಯಾಗಿ ಈ ದಾರಿಯಲ್ಲಿ ಹಾದುಹೋದವರು, ಮುಂದೆ ದೊಡ್ಡ ಹೆಸರು ಮಾಡಿದರು. ಅದರ ಒಂದು ಅಧ್ಯಾಯ ಶಾಲೆಯಲ್ಲಿ ಪಾಠವಾಗಿತ್ತು. ದಾಳಿಯ ಹೊತ್ತಿನಲ್ಲಿ ಸೀಟು ಬಿಡದೆ ಊರಿಗೆಲ್ಲ ಎಚ್ಚರಿಕೆ ಕೊಟ್ಟು ಸತ್ತ ನಾಲ್ಕನೇ ಸೀಟಿನ ಆಪರೇಟರಳ ಕಥೆ. ಆ ಪಾಠವನ್ನು ನಾನು ಇಪ್ಪತ್ತೆಂಟು ವರ್ಷ ಮಾಡಿದ್ದೇನೆ.

ಊರಿಗೆ ಅದೊಂದು ತಮಾಷೆಯೂ ಆಗಿತ್ತು. ನಾಲ್ಕನೇ ಸೀಟಿನವರು ನಮ್ಮ ಕಣ್ಣೆದುರೇ ಹಾಲಿನವನ ಜೊತೆ ಜಗಳವಾಡಿಕೊಂಡು ಇದ್ದರಲ್ಲ. "ನಿಮ್ಮನ್ನ ಕಾದಂಬರೀಲಿ ಸಾಯಿಸಿಬಿಟ್ಟಿದ್ದಾರೆ ಅಕ್ಕ" ಎಂದು ಮಕ್ಕಳು ಹೇಳಿದರೆ, "ಸಾಯಿಸಲಿ ಬಿಡಿ, ಅಲ್ಲಾದ್ರೂ ಒಳ್ಳೆಯವಳಾಗಿ ಸತ್ತಿರ್ತೀನಿ" ಎನ್ನುತ್ತಿದ್ದರು. ಆ ಪುಸ್ತಕವನ್ನು ಮಾತ್ರ ಅವರು ಓದಿರಲಿಲ್ಲ. ನಾನೇ ಎರಡು ಸಲ ಕೊಡಲು ಹೋಗಿದ್ದೆ. "ಅಲ್ಲಿ ಇದ್ದವಳಿಗೆ ಯಾಕೆ ಅದು" ಎಂದು ಹಿಂದಿರುಗಿಸಿದ್ದರು.

ದಾಳಿ ನಡೆದು ನಲವತ್ತೈದು ವರ್ಷವಾದಾಗ, ಎಕ್ಸ್‌ಚೇಂಜ್ ಇದ್ದ ಜಾಗದಲ್ಲಿ ಒಂದು ಕಲ್ಲು ನೆಡಿಸಬೇಕೆಂದು ಪುರಸಭೆ ತೀರ್ಮಾನಿಸಿತು. ಅಲ್ಲಿ ಸತ್ತ ಇಬ್ಬರು ಆಪರೇಟರುಗಳ, ಎಂದರೆ ಒಂದನೇ ಸೀಟಿನ ಮೇಲ್ವಿಚಾರಕಿ ಮತ್ತು ಆರನೇ ಸೀಟಿನವಳ, ಹೆಸರುಗಳನ್ನು ಅದರಲ್ಲಿ ಕೆತ್ತಿಸುವುದು. ಜೊತೆಗೊಂದು ಸ್ಮರಣ ಸಂಚಿಕೆ. ಅದಕ್ಕೆ ವರದಿಯನ್ನೂ ಕಾದಂಬರಿಯನ್ನೂ ಹೋಲಿಸಿ ಒಂದು ಲೇಖನ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಕೆಂಪು ಶಾಯಿ ಹಿಡಿದು ಕೂತ ಮೇಷ್ಟರ ಉತ್ಸಾಹವನ್ನು ಕೇಳಬೇಕೆ? ಕಾದಂಬರಿಯಲ್ಲಿ ದಾಳಿ ಕಗ್ಗತ್ತಲ ರಾತ್ರಿ ನಡೆಯುತ್ತದೆ. ನಡೆದದ್ದು ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಚುರುಗುಟ್ಟುವ ಬಿಸಿಲಿನಲ್ಲಿ. ವರದಿಯ ಪ್ರಕಾರ ಬಿದ್ದ ಬಾಂಬುಗಳು ಏಳು; ಕಾದಂಬರಿಯಲ್ಲಿ ಎಣಿಸುವವರೇ ಇಲ್ಲ. ನಮ್ಮೂರಿನಲ್ಲಿ ಇರುವುದೊಂದು ಕಾಲುವೆ, ಅಲ್ಲಿ ಅದು ಹೊಳೆಯಾಗಿ ಹರಿದಿತ್ತು. ರೈಲ್ವೆ ಸ್ಟೇಷನ್ನಿನಿಂದ ಒಬ್ಬ ಫೋನ್ ಹಿಡಿದು ಬೇರೆ ಊರಿಗೆ ಕೇಳಿದ ಟ್ರಂಕ್ ಕಾಲಿಗಾಗಿ ಕಾಯುತ್ತಾನೆ, ಒಂದೇ ಪುಟದಲ್ಲಿ ಬಂದು ಮಾಯವಾಗುತ್ತಾನೆ. ಇದು ಕಟ್ಟಡದ ದೋಷ ಎಂದು ಬರೆದೆ. ಹೀಗೆ ಪಟ್ಟಿ ಮಾಡಿದ ಏಳು ತಪ್ಪುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕೊನೆಯದು, ಏಳನೆಯದು. ವರದಿಯಲ್ಲಿ ನಾಲ್ಕನೇ ಸೀಟು ಖಾಲಿ ಇತ್ತು. ಆ ಸೀಟಿನ ಅಕ್ಕ ಎದುರಿನ ಡಿಸ್ಪೆನ್ಸರಿಗೆ ಹೋಗಿದ್ದರು. ಅಲ್ಲಿನ ಚಾವಣಿ ಕುಸಿದು ಗಾಯಗೊಂಡು, ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಮರಳಿದರು. ಕಾದಂಬರಿಕಾರರು ಖಾಲಿ ಸೀಟಿನಲ್ಲಿ ಒಂದು ಹೆಣವನ್ನು ಕೂರಿಸಿದ್ದಾರೆ ಎಂದು ಬರೆದು, ಆ ವಾಕ್ಯವನ್ನು ನಾನೇ ಮೆಚ್ಚಿಕೊಂಡೆ. ಕಾದಂಬರಿಯ ಆಪರೇಟರಳ ಬಾಯಿಗೆ ಹಾಕಿದ ಕೊನೆಯ ಮಾತು ಕೂಡ ಅರ್ಥವಿಲ್ಲದ್ದು ಎಂದು ಸೇರಿಸಿದೆ. "ಕಿವಿಗೆ ಔಷಧ ಹಚ್ಚಿಸಿಕೊಂಡ್ರಾ ಅಕ್ಕ?" ಎಂದು ಅವಳು ಫೋನಿನಲ್ಲಿ ಕೇಳುತ್ತಾಳೆ. ಪರೀಕ್ಷೆಯಲ್ಲಿ ಈ ಮಾತಿನ ಸ್ವಾರಸ್ಯ ವಿವರಿಸಿ ಎಂದು ಕೇಳಿ, ಗಾಯಗೊಂಡ ಲೋಕಕ್ಕೆ ಪ್ರೀತಿಯೇ ಔಷಧ ಎಂದು ಬರೆದವರಿಗೆ ನಾಲ್ಕಕ್ಕೆ ನಾಲ್ಕು ಅಂಕ ಕೊಟ್ಟವನು ನಾನೇ.

ಲೇಖನವನ್ನು ಅಚ್ಚಿಗೆ ಕಳಿಸುವ ಮೊದಲು ಅಕ್ಕನಿಗೆ ತೋರಿಸಿದರೆ ಒಳ್ಳೆಯದೆನಿಸಿತು. ಒಂದು ಮಧ್ಯಾಹ್ನ ಒಯ್ದು ಕೊಟ್ಟೆ. ಕನ್ನಡಕ ಹಾಕಿಕೊಂಡು ಕಿಟಕಿಯ ಬಳಿ ಕೂತು ಓದಿದರು. ಕಾಲುವೆ ಹೊಳೆಯಾದ ಕಡೆ ನಕ್ಕರು. ಆಮೇಲೆ ನಗು ನಿಂತಿತು. ಹಾಳೆ ತಿರುಗಲಿಲ್ಲ. ಎಷ್ಟು ಹೊತ್ತು ತಿರುಗಲಿಲ್ಲವೆಂದರೆ, ನೆಲದ ಮೇಲಿದ್ದ ಬಿಸಿಲಿನ ಚೌಕ ಸರಿದು ಎದುರಿನ ಗೋಡೆ ಹತ್ತಿತು.

"ಈ ಮಾತು ಯಾರು ಬರೆದಿದ್ದು ಮೇಷ್ಟ್ರೇ?" ಎಂದರು.

"ಯಾವುದು ಅಕ್ಕ?"

"ಕಿವಿಗೆ ಔಷಧ."

"ಕಾದಂಬರೀಲಿ ಹಾಗೇ ಇದೆ. ಬಹುಶಃ ಮೈಮೇಲೆ ಪ್ರಜ್ಞೆ ಇಲ್ಲದೆ ಆಡೋ ಮಾತು ಅಂತ..."

"ಪ್ರಜ್ಞೆ ಇತ್ತು. ಅವಳಿಗೆ ಪೂರ್ತಿ ಪ್ರಜ್ಞೆ ಇತ್ತು."

ಆಕೆ ಹಾಳೆಗಳನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. "ಆ ಅಧ್ಯಾಯ ತಂದು ಓದಿ. ಜೋರಾಗಿ ಓದಿ" ಎಂದರು.

ಮನೆಯಿಂದ ಪುಸ್ತಕ ತಂದು ಓದತೊಡಗಿದೆ. ಗಡಿಯ ಕಚೇರಿಯಿಂದ 'ಕೆಂಪು' ಎಂಬ, ವಿಮಾನದಾಳಿಯ ಎಚ್ಚರಿಕೆ ಬರುತ್ತದೆ. ನಾಲ್ಕನೇ ಸೀಟಿನವಳು ಪಟ್ಟಿಯಲ್ಲಿದ್ದ ಹದಿನಾರು ಜಾಗಗಳಿಗೆ ಒಂದೊಂದಾಗಿ ಫೋನ್ ಮಾಡಬೇಕು. ಮೊದಲು ಸೈರನ್ ಗೋಪುರ. ನಾನು ಎರಡನೆಯದನ್ನು ಓದುವ ಮೊದಲೇ ಅಕ್ಕ, "ಅಗ್ನಿಶಾಮಕ" ಎಂದರು. ಪುಸ್ತಕದಲ್ಲೂ ಅದೇ ಇತ್ತು. "ಆಸ್ಪತ್ರೆ" ಎಂದರು. ಇತ್ತು. "ಗಿರಣಿ. ಹೆಣ್ಣುಮಕ್ಕಳ ಶಾಲೆ. ನೀರಿನ ಪಂಪ್‌ಹೌಸು." ನನ್ನ ಕಣ್ಣು ಸಾಲಿನ ಮೇಲೆ ಹೋಗುವ ಮೊದಲೇ ಅವರ ಬಾಯಿಂದ ಬರುತ್ತಿತ್ತು. ಆ ಪಟ್ಟಿ ವರದಿಯಲ್ಲಿರಲಿಲ್ಲ. ಬೋರ್ಡಿನ ಪಕ್ಕ ಅಂಟಿಸಿದ್ದ ಕಾಗದದಲ್ಲಿ ಮಾತ್ರ ಇತ್ತು, ಅದು ಕಟ್ಟಡದೊಂದಿಗೆ ಸುಟ್ಟುಹೋಗಿತ್ತು. ನಾವಿಬ್ಬರೂ ಒಟ್ಟಿಗೆ ಹದಿನಾರನೆಯದಕ್ಕೆ ಬಂದೆವು. ಡಿಸ್ಪೆನ್ಸರಿ. ನಾನು ನಿಲ್ಲಿಸಿದೆ. ಅಕ್ಕ ಮಾತ್ರ ನಿಲ್ಲಿಸಲಿಲ್ಲ. ಅವರದಲ್ಲದ, ಚಿಕ್ಕ ವಯಸ್ಸಿನ, ನುಣುಪಾದ ಒಂದು ಧ್ವನಿಯಲ್ಲಿ ಹೇಳಿದರು:

"ಕಿವಿಗೆ ಔಷಧ ಹಚ್ಚಿಸಿಕೊಂಡ್ರಾ ಅಕ್ಕ? ನೀವು ಕೆಳಗೆ ಹೋಗಿ. ಇಲ್ಲಿ ಇನ್ನೊಂದು ದೀಪ ಇದೆ, ನೋಡಿ ಬರ್ತೀನಿ."

ಪುಸ್ತಕದಲ್ಲಿ ಅಕ್ಷರಕ್ಕೆ ಅಕ್ಷರ ಅದೇ ಇತ್ತು. ನಾನು ಪುಸ್ತಕ ಮುಚ್ಚಿಬಿಟ್ಟೆ.

ಆಮೇಲೆ ಹೇಳಿದರು. ಎಕ್ಸ್‌ಚೇಂಜಿಗೆ ಹತ್ತೊಂಬತ್ತು ದಿನಗಳ ಹಿಂದಷ್ಟೇ ಒಬ್ಬ ಹುಡುಗಿ ಸೇರಿದ್ದಳಂತೆ. ಅವಳಿಗೆ ಇನ್ನೂ ಸೀಟು ಕೊಟ್ಟಿರಲಿಲ್ಲ. ಎಲ್ಲರೂ 'ಹೊಸಬಳು' ಎನ್ನುತ್ತಿದ್ದರು. ಆ ದಿನ ಅವಳಿಗೆ ವಾರದ ರಜೆ. ಆದರೂ ಬೋರ್ಡು ಕಲಿಯುವ ಆಸೆಗೆ ಮನೆಯಲ್ಲಿ ಬೇರೇನೋ ಹೇಳಿ ಬಂದು, ಅಕ್ಕನ ಬೆನ್ನ ಹಿಂದೆ ನಿಂತಿದ್ದಳು. ಹೆಡ್‌ಫೋನ್ ಒತ್ತಿ ಒತ್ತಿ ಅಕ್ಕನ ಎಡಗಿವಿ ಹುಣ್ಣಾಗಿ ಕೀವು ಕಟ್ಟಿತ್ತು. "ಅರ್ಧ ಗಂಟೆ ನಾನು ಕೂರ್ತೀನಿ ಅಕ್ಕ, ನೀವು ಹೋಗಿ ಬನ್ನಿ" ಎಂದಳು. ಮೇಲ್ವಿಚಾರಕಿಯನ್ನು ಕೇಳದೆ ಸೀಟು ಬಿಟ್ಟುಕೊಟ್ಟರೆ ಕೆಲಸ ಹೋಗುತ್ತಿತ್ತು. ಆಕೆ ಬೆನ್ನು ತಿರುಗಿಸಿದ್ದಾಗ ಅಕ್ಕ ಎದ್ದರು.

"ಸೀಟು ಬಿಡುವಾಗ ಪ್ಲಗ್ ಒಪ್ಪಿಸಬೇಕು ಮೇಷ್ಟ್ರೇ. ಯಾವ ಯಾವ ಪ್ಲಗ್ ಹಾಕಿದೆಯೋ ಒಂದೊಂದನ್ನೂ ಬೆರಳಲ್ಲಿ ಮುಟ್ಟಿ, ಇದು ಇಂಥವರದು, ಇದು ಇಂಥವರದು ಅಂತ ಹೇಳಿ ಏಳಬೇಕು. ಬಾಯಿಪಾಠ ನಮಗೆ. ಆವತ್ತು ಕಿವಿ ನೋವು. ಯಾರೂ ನೋಡಬಾರದು ಅನ್ನೋ ಅವಸರ. ಒಪ್ಪಿಸಲಿಲ್ಲ. ಒಂದು ಪ್ಲಗ್ ಉಳಿದಿತ್ತು ಅಂತ ಡಿಸ್ಪೆನ್ಸರಿ ಮೆಟ್ಟಿಲು ಹತ್ತುವಾಗ ಅನುಮಾನ ಬಂತು. ಯಾರದು ಅಂತ ನೆನಪಾಗಲಿಲ್ಲ. ಇವತ್ತಿಗೂ ಆಗಿಲ್ಲ."

ಡಿಸ್ಪೆನ್ಸರಿಯ ಫೋನು ಬಡಿದಾಗ ಎತ್ತಿದವರು ಅಕ್ಕನೇ. ನೀನೂ ಎದ್ದು ಬಾ ಎಂದು ಕೂಗುವಷ್ಟರಲ್ಲಿ ಹೊಸಬಳು ಆ ಇನ್ನೊಂದು ದೀಪದ ಕಡೆ ತಿರುಗಿದ್ದಳು.

"ಮೂರು ತಿಂಗಳು ಆದ್ಮೇಲೆ ಬಂದೆ. ಸೀಟಲ್ಲಿ ಯಾರಿದ್ರು ಅಂತ ಕೇಳಿದ್ರು. ಯಾರೂ ಇರಲಿಲ್ಲ, ಮೇಲ್ವಿಚಾರಕಿಗೆ ಹೇಳಿ ಖಾಲಿ ಬಿಟ್ಟು ಹೋಗಿದ್ದೆ ಅಂದೆ. ಆ ಪುಣ್ಯಾತ್ಗಿತ್ತಿಯೂ ಆರನೇ ಸೀಟಿನವಳೂ ಸತ್ತಿದ್ರು, ಆ ಪಾಳೀಲಿ ಬೇರೆ ಯಾರೂ ಇರಲಿಲ್ಲ, ಇಲ್ಲ ಅನ್ನೋರು ಯಾರು? ಬೆಂಕೀಲಿ ಎಷ್ಟು ಜನ ಅಂತ ಎಣಿಸೋ ಹಾಗೇ ಇರಲಿಲ್ಲವಂತೆ. ಹೊಸಬಳಿಗೆ ಆವತ್ತು ರಜೆ. ಅವಳನ್ನ ಅಲ್ಲಿ ಹುಡುಕಬೇಕು ಅಂತ ಯಾರಿಗೂ ಹೊಳೀಲಿಲ್ಲ. ಯಾವನೋ ಸಿಪಾಯಿ ಜೊತೆ ರೈಲು ಹತ್ತಿ ಓಡಿಹೋದ್ಳು ಅಂತ ಊರು ಮಾತಾಡ್ಕೊಳ್ತು. ನಾನು ಸುಮ್ಮನಿದ್ದೆ."

ಎದ್ದುಹೋಗಿ ಗೋಡೆಯ ಕಪಾಟು ತೆರೆದರು. ಮೇಲಿನಿಂದ ಕೆಳಗಿನವರೆಗೆ ಬಿಳಿ ಗವಸುಗಳು, ಮಡಿಕೆ ಮುರಿಯದವು, ಒಂದರ ಮೇಲೊಂದು. ಬಾಗಿಲು ತೆರೆದ ಕೂಡಲೇ ಮಡಿಸಿಟ್ಟ ಹತ್ತಿಬಟ್ಟೆಯ ತಣ್ಣನೆಯ ವಾಸನೆ ಕೋಣೆಗೆ ಬಂತು. "ಅವಳ ತಂಗಿ ಹೊಲಿದದ್ದು" ಎಂದರು. ಸೂಜಿಯಮ್ಮ ಆ ಹುಡುಗಿಯ ತಂಗಿ ಎಂದು ನನಗೆ ತಿಳಿದದ್ದು ಆಗಲೇ.

ಅಕ್ಕ ಕಪಾಟಿನ ಒಳಗೇ ನೋಡುತ್ತ ಕೇಳಿದರು: "ಫೋನಲ್ಲಿ ಆಡಿದ ಆ ಮಾತು ಅವಳಿಗೆ ಗೊತ್ತು, ನನಗೆ ಗೊತ್ತು. ನಾನು ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ. ಹಾಗಾದ್ರೆ ಪುಸ್ತಕ ಬರೆದ ಆ ಮನುಷ್ಯನಿಗೆ ಹೇಳಿದ್ದು ಯಾರು ಮೇಷ್ಟ್ರೇ?"

ಹೊರಗೆ ಹಾಡಹಗಲು. ಬೀದಿಯಲ್ಲಿ ಯಾರೋ ಬಕೆಟ್ಟಿನ ಸದ್ದು ಮಾಡುತ್ತಿದ್ದರು.

ಕಲ್ಲು ನೆಡಲು ಒಂಬತ್ತು ದಿನ ಉಳಿದಿತ್ತು. ಎರಡೇ ಹೆಸರಿನ ಕಲ್ಲು ನಿಂತುಬಿಟ್ಟರೆ ಆ ಹುಡುಗಿ ಎಂದೆಂದಿಗೂ ಓಡಿಹೋದವಳಾಗಿಯೇ ಉಳಿಯುತ್ತಾಳೆ. ಅಕ್ಕ ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ. ನಮ್ಮ ಮನೆಯ ಜಗಲಿಗೆ ಬಂದು ಕೂರುವರು, ಏನೋ ಹೇಳಲು ಹೊರಡುವರು, ಎದ್ದು ಹೋಗುವರು. ಎರಡನೆಯ ದಿನವೇ ನಾನು ಪುರಸಭೆಯ ಕಾರ್ಯದರ್ಶಿಯನ್ನು ಕಂಡು, ಮೂರನೆಯ ಹೆಸರೊಂದು ಸೇರಿಸಬಹುದೇ ಎಂದು ಕೇಳಿದೆ. "ಪುರಾವೆ ಏನಿದೆ ಸಾರ್?" ಎಂದ. ಕಾದಂಬರಿಯಲ್ಲಿದೆ ಎಂದೆ. ಮರ್ಯಾದೆಯ ಹುಡುಗ, ನಗು ತಡೆದುಕೊಂಡ. "ನೀವೇ ಅಲ್ವಾ ಸಾರ್, ಕಾದಂಬರೀಲಿ ಇರೋದನ್ನೆಲ್ಲ ನಂಬಬೇಡಿ ಅಂತ ನಮಗೆ ಹೇಳ್ಕೊಟ್ಟಿದ್ದು?" ನನ್ನ ವಿದ್ಯಾರ್ಥಿಯೇ.

ಆ ರಾತ್ರಿ ನಿದ್ದೆ ಬಾರದೆ ಹೊರಳುವಾಗ, ನಾನೇ ಕೆಂಪು ಗೆರೆ ಎಳೆದಿದ್ದ ಇನ್ನೊಂದು ಪುಟ ನೆನಪಾಯಿತು. ಸ್ಟೇಷನ್ನಿನಿಂದ ಫೋನ್ ಹಿಡಿದು ಕಾಯುವವನು. ಅವನಿಗೆ ಆಪರೇಟರ್ ಹೇಳುವ ಮಾತು, "ಲೈನ್‌ನಲ್ಲೇ ಇರಿ." ಒಂದೇ ಪುಟದಲ್ಲಿ ಬಂದು ಮಾಯವಾಗುವವನು. ಅವನು ಕಾದಂಬರಿಕಾರರೇ ಇರಬಹುದೇ ಎಂದು ಬೆಳಗಾದ ಮೇಲೆ ಅಕ್ಕನಿಗೆ ಹೇಳಿದೆ. "ಅವರಿಗೊಂದು ಫೋನ್ ಹಾಕಿ" ಎಂದರು.

ಪ್ರಕಾಶಕರಿಂದ ನಂಬರು ಸಿಕ್ಕಿತು. ಕಾದಂಬರಿಕಾರರ ಮಗಳು ಮಾತಾಡಿ, ಅಪ್ಪನಿಗೆ ವಯಸ್ಸಾಗಿದೆ, ಬೆಳಿಗ್ಗೆ ಹನ್ನೊಂದರ ಮೇಲೆ ಮಾಡಿ ಎಂದಳು. ಮರುದಿನ ಅಕ್ಕ ನಮ್ಮ ಮನೆಗೆ ಬಂದರು. ನಂಬರು ತಿರುಗಿಸಿ ರಿಸೀವರು ಕೊಟ್ಟೆ. ಎಂದಿನಂತೆ ಕಿವಿಯಿಂದ ಒಂದು ಅಂಗುಲ ದೂರ ಹಿಡಿದರು. ಆಚೆಯಿಂದ ಮುದುಕರೊಬ್ಬರ ಧ್ವನಿ, "ಯಾರು?" ಎಂದಿತು.

ಅಕ್ಕ, ನಾನು ಎಂದೂ ಕೇಳಿರದಷ್ಟು ಸ್ಪಷ್ಟವಾದ ಧ್ವನಿಯಲ್ಲಿ, "ಲೈನ್‌ನಲ್ಲೇ ಇರಿ" ಎಂದರು.

ಆಚೆ ಏನೂ ಇಲ್ಲ. ಉಸಿರಾಟದ ಸದ್ದು ಮಾತ್ರ. ಲೈನು ಕಡಿದುಹೋಯಿತೇ ಎಂದು ನಾನು ಕೈ ಚಾಚುತ್ತಿರುವಾಗ ಆ ಮುದುಕರು ಹೇಳಿದರು: "ಇದ್ದೀನಿ. ಇನ್ನೂ ಇದ್ದೀನಿ ಅಮ್ಮ."

ನನ್ನ ಹೆಂಡತಿ ಅಡುಗೆಮನೆಯಿಂದ ಬಂದವಳು ಬಾಗಿಲಲ್ಲೇ ನಿಂತಳು.

"ನೀವು ಹೋಗಿಬಿಟ್ರಿ ಅಂದ್ಕೊಂಡಿದ್ದೆ" ಎಂದಿತು ಆ ಧ್ವನಿ. "ಎಲ್ಲಿಂದ ಮಾತಾಡ್ತಿದ್ದೀರಿ?"

ಎಲ್ಲಿಂದ ಬೇಕಾದರೂ ಉತ್ತರ ಬರಬಹುದು ಎಂದು ನಂಬಿದವರು ಕೇಳುವ ಹಾಗೆ ಕೇಳಿದ್ದರು.

"ಊರಿಂದಾನೇ" ಎಂದರು ಅಕ್ಕ. "ನಾನು ಮೊದಲು ಮಾತಾಡಿದವಳು. ನಿಮ್ಮ ಪ್ಲಗ್ ಹಾಕಿದವಳು. ಹೋದವಳು ನಾನಲ್ಲ. ಆಮೇಲೆ ಮಾತಾಡಿದ್ದು ಇನ್ನೊಬ್ಬಳು."

"ಇಬ್ಬರಾ?"

"ಇಬ್ಬರು."

"ಒಂದೇ ಧ್ವನಿ ಇತ್ತಲ್ಲ ಅಮ್ಮ."

"ನಮಗೆ ಹಾಗೇ ಕಲಿಸ್ತಿದ್ರು. ಬೋರ್ಡಿನ ಮುಂದೆ ಕೂತ್ರೆ ಎಲ್ಲರಿಗೂ ಒಂದೇ ಧ್ವನಿ."

ಕಾದಂಬರಿಕಾರರು ಹೇಳಿದ್ದಿಷ್ಟು. ಅವರಿಗೆ ಆಗ ಇಪ್ಪತ್ತನಾಲ್ಕು ವರ್ಷ. ಅವರ ಪಡೆಯ ರೈಲು ಒಂದು ಗಂಟೆ ನಿಂತಿತ್ತು. ತಾಯಿಯೊಡನೆ ಮಾತಾಡಲು ಸ್ಟೇಷನ್ನಿನ ಫೋನಿನಿಂದ ಟ್ರಂಕ್ ಕಾಲ್ ಕೇಳಿದ್ದರು. "ಲೈನ್‌ನಲ್ಲೇ ಇರಿ" ಎಂಬ ಮಾತು ಬಂತು; ಇದ್ದರು. ಬೋರ್ಡಿನಲ್ಲಿ ಅವರ ಲೈನಿನ ಕೇಳುವ ಗುಂಡಿ ತೆರೆದೇ ಉಳಿದಿತ್ತು. ಹದಿನಾರು ಕರೆಗಳೂ ಅವರ ಕಿವಿಗೆ ಬಿದ್ದವು. ತನ್ನ ತಾಯಿಯ ಕರೆ ಮರೆತುಹೋಯಿತೆಂದು ಅವರು ಫೋನಿನ ಕೊಕ್ಕೆಯನ್ನು ತಟ್ಟುತ್ತಲೇ ಇದ್ದರು. ತಟ್ಟಿದಾಗಲೆಲ್ಲ ಬೋರ್ಡಿನ ಮೇಲೆ ಅವರ ದೀಪ ಮಿನುಗುತ್ತಿತ್ತು.

"ಪಟ್ಟಿ ಮುಗಿದ ಮೇಲೆ ಅವಳು ಎದ್ದು ಹೋಗಬಹುದಿತ್ತು" ಎಂದರು. "ನನ್ನ ದೀಪ ನೋಡಿ ಬಂದಳು. ಫೋನ್ ಇಟ್ಟು ಸೇತುವೆ ಕೆಳಗೆ ಹೋಗಿ ಅಂದಳು. ನಾನು ಒಪ್ಪಲಿಲ್ಲ. ಒಂದೇ ನಿಮಿಷ, ಅಮ್ಮನ ಧ್ವನಿ ಕೇಳಿಸಿ ಅಂತ ವಾದ ಮಾಡಿದೆ. ಅವಳು ನನಗೆ ಸಮಾಧಾನ ಹೇಳ್ತಿದ್ದಳು. ಹೇಳ್ತಾ ಹೇಳ್ತಾ ಲೈನ್ ನಿಂತುಹೋಯ್ತು. ಪುಸ್ತಕದಲ್ಲಿ ಎಲ್ಲ ಬರೆದೆ. ಆ ವಾದವನ್ನ ಬರೆಯೋಕೆ ಆಗಲಿಲ್ಲ."

"ನಾನು ಪ್ಲಗ್ ಒಪ್ಪಿಸಿದ್ರೆ ನಿಮ್ಮ ಲೈನ್ ಮೊದಲೇ ಕೀಳ್ತಿದ್ದಳು" ಎಂದರು ಅಕ್ಕ.

ಇಬ್ಬರೂ ಫೋನ್ ಇಡಲಿಲ್ಲ. ಕೊನೆಗೆ ಮುದುಕರೇ ಕೇಳಿದರು: "ಅವಳಿಗೆ ಯಾರಾದ್ರೂ ಇದ್ದಾರಾ?"

"ತಂಗಿ ಇದ್ದಾಳೆ."

"ನಾನು ಕಾಗದ ಬರೀತೀನಿ. ಆ ವಾದವನ್ನೂ ಸೇರಿಸಿ ಬರೀತೀನಿ. ಪುರಸಭೆಗೆ ಕೊಡಿ. ಆದ್ರೆ ತಂಗಿಗೆ ಕಾಗದದಲ್ಲಿ ತಿಳೀಬಾರದು, ಅಲ್ವಾ?"

"ಬಾರದು" ಎಂದರು ಅಕ್ಕ.

ಮಧ್ಯಾಹ್ನವೇ ಸೂಜಿಯಮ್ಮನ ಅಂಗಡಿಗೆ ಹೊರಟರು. "ನೀವೂ ಬನ್ನಿ ಮೇಷ್ಟ್ರೇ. ನಾನು ಅರ್ಧದಲ್ಲಿ ಸುಳ್ಳು ಹೇಳೋಕೆ ಶುರು ಮಾಡಿದ್ರೆ ಕೆಮ್ಮಿ" ಎಂದರು. ನಡೆಯುವಾಗ ಕೈಯಲ್ಲಿ ಅಭ್ಯಾಸಬಲದಿಂದ ಒಂದು ಬಿಳಿ ಬಟ್ಟೆಯ ತುಂಡಿತ್ತು.

ಅದು ಅಂಗಡಿಯೂ ಹೌದು, ಮನೆಯೂ ಹೌದು. ಮುಂದಿನ ಕೋಣೆಯಲ್ಲಿ ಮಷೀನು, ಗೋಡೆಗೆ ತೂಗುಹಾಕಿದ ಅಳತೆಪಟ್ಟಿ, ನೆಲದ ತುಂಬ ಕತ್ತರಿಸಿದ ಚೂರುಗಳು. ಸೂಜಿಯಮ್ಮನಿಗೆ ಐವತ್ತೈದರ ಮೇಲೆ. ತಲೆಯೆತ್ತದೆ, "ಬಂದ್ರಾ ಗವಸಿನವರು? ಮೇಷ್ಟ್ರನ್ನೂ ಕರ್ಕೊಂಡು ಬಂದಿದ್ದೀರಿ. ಅವರಿಗೂ ತಲೆ ಭಾರವಾ?" ಎಂದರು. ಮಷೀನು ಓಡುತ್ತಲೇ ಇತ್ತು.

ಅಕ್ಕ ನಿಂತೇ ಹೇಳಿದರು. ರಜೆಯ ದಿನ, ಕಿವಿ, ಸೀಟು, ಒಪ್ಪಿಸದ ಪ್ಲಗ್ಗು. ಮಷೀನಿನ ಸದ್ದು ನಿಲ್ಲಲಿಲ್ಲ. ಸೂಜಿಯಮ್ಮ ಕೇಳಿಸಿಕೊಳ್ಳುತ್ತಿಲ್ಲವೇನೋ ಎನಿಸಿತು. ಆದರೆ ಸೂಜಿಯ ಕೆಳಗೆ ಬಟ್ಟೆ ಮುಗಿದುಹೋಗಿತ್ತು. ಆಕೆ ಬರಿದೇ ಹೊಲಿಯುತ್ತಿದ್ದರು. "ಇಲ್ಲಿ ಇನ್ನೊಂದು ದೀಪ ಇದೆ, ನೋಡಿ ಬರ್ತೀನಿ ಅಂದ್ಳು" ಎಂದು ಅಕ್ಕ ಹೇಳಿದಾಗ ಕಾಲು ನಿಂತಿತು. ನಾನು ಕೆಮ್ಮುವ ಅಗತ್ಯ ಬೀಳಲಿಲ್ಲ.

"ಅವಳು ಹಾಗೇ" ಎಂದರು ಸೂಜಿಯಮ್ಮ. "ಮನೇಲೂ ಹಾಗೇ. ಎಲ್ಲ ದೀಪ ಆರಿಸಿದ್ದೀನಾ ಅಂತ ಎದ್ದು ಎದ್ದು ನೋಡ್ತಿದ್ಳು."

ಸೂಜಿಯಮ್ಮ ಬಾಗಿಲಿನ ಕಡೆ ನೋಡಿದರು.

"ಅಮ್ಮ ಸಾಯೋವರೆಗೂ ಬಾಗಿಲಿಗೆ ಅಗಳಿ ಹಾಕಿಲ್ಲ. ಅವಳು ಬಂದ್ರೆ ತಟ್ಟೋಕೆ ನಾಚ್ಕೋತಾಳೆ ಅಂತ. ಅಮ್ಮ ಹೋದ್ಮೇಲೆ ನಾನೂ ಹಾಕ್ಲಿಲ್ಲ. ಎರಡು ಸಲ ಕಳ್ಳರು ಬಂದಿದ್ರು. ಆದ್ರೂ ಹಾಕ್ಲಿಲ್ಲ." ಸೂಜಿಯಮ್ಮ ಮಷೀನಿನ ಚಕ್ರದ ಮೇಲೆ ಕೈಯಿಟ್ಟು ಕೂತಿದ್ದರು. "ನನ್ನನ್ನ ನೋಡೋಕೆ ಬಂದವರೆಲ್ಲ ಓಡಿಹೋದವಳ ತಂಗಿ ಅಂತ ಎದ್ದು ಹೋದ್ರು. ನೀವು ತಿಂಗಳು ತಿಂಗಳು ಬರ್ತಿದ್ರಿ. ಈ ಹೆಂಗಸಿಗೆ ನನ್ನ ಮೇಲೆ ಯಾಕೆ ಇಷ್ಟು ಅಕ್ಕರೆ ಅಂದ್ಕೊಳ್ತಿದ್ದೆ. ಇಷ್ಟು ವರ್ಷದಲ್ಲಿ ಒಂದು ಮಾತು ಹೇಳೋಕೆ ಆಗ್ಲಿಲ್ವಾ ನಿಮಗೆ?"

"ಆಗ್ಲಿಲ್ಲ" ಎಂದರು ಅಕ್ಕ. "ಪ್ರತಿ ಸಲ ಹೇಳೋಕೇ ಬರ್ತಿದ್ದೆ."

ಸೂಜಿಯಮ್ಮ ಕೈ ಚಾಚಿ ಅಕ್ಕನ ಕೈಯಲ್ಲಿದ್ದ ಬಿಳಿ ಬಟ್ಟೆಯನ್ನು ತೆಗೆದುಕೊಂಡರು. ಬಿಡಿಸಿ ನೋಡಿದರು. ಮತ್ತೆ ನಾಲ್ಕು ಮಡಿಕೆ ಮಾಡಿ ಹಿಂದಿರುಗಿಸಿದರು.

"ಇನ್ನು ಗವಸು ತರಬೇಡಿ" ಎಂದರು. ನಾವು ಹೊಸ್ತಿಲು ದಾಟುವಾಗ ಹಿಂದಿನಿಂದ ಇನ್ನೊಂದು ಮಾತು ಬಂತು: "ಬರೋದಾದ್ರೆ ಬರಿಗೈಲಿ ಬನ್ನಿ."

ಕಾದಂಬರಿಕಾರರ ಕಾಗದ ನಾಲ್ಕನೆಯ ದಿನ ತಲುಪಿತು. ಅದರ ಜೊತೆ ಅಕ್ಕನೂ ತಮ್ಮ ಕೈಯಾರೆ ಒಂದು ಹಾಳೆ ಬರೆದು ಕೊಟ್ಟರು. ಕಾರ್ಯದರ್ಶಿ ಎರಡನ್ನೂ ಓದಿ, ಕಲ್ಲುಕುಟಿಗನ ಮನೆಗೆ ತಾನೇ ಸೈಕಲ್ ಹತ್ತಿ ಹೋದ. ನಾನು ಲೇಖನದಿಂದ ಏಳನೆಯ ತಪ್ಪನ್ನು ಹೊಡೆದುಹಾಕಿದೆ. ಕಟ್ಟಡದ ದೋಷ ಎಂದಿದ್ದನ್ನೂ ಹೊಡೆದೆ. ಕಾಲುವೆ ಹೊಳೆಯಾದಂಥವು ಮಾತ್ರ ಉಳಿದವು. ಬೀದಿಯಲ್ಲಿ ಕೆಲವರು ಅಕ್ಕನನ್ನು ಮಾತಾಡಿಸುವುದನ್ನು ಬಿಟ್ಟರು; ಅದರ ಬಗ್ಗೆ ಅವರು ದೂರಲಿಲ್ಲ. ಹಾಲಿನವನು ಬಿಡಲಿಲ್ಲ.

ಕಲ್ಲು ನೆಟ್ಟದ್ದು ಬೆಳಿಗ್ಗೆ ಹನ್ನೊಂದು ಹತ್ತಕ್ಕೆ. ಮೂರನೆಯ ಹೆಸರನ್ನು ಅವಸರದಲ್ಲಿ ಕೆತ್ತಿದ್ದರಿಂದ ಅದರ ಅಂಚು ಇನ್ನೂ ಬೆಳ್ಳಗಿತ್ತು, ಹೊಸದಾಗಿ ಹೊತ್ತಿಕೊಂಡ ಹಾಗೆ. ಸೂಜಿಯಮ್ಮ ಬಂದು ಆ ಅಕ್ಷರಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಅಕ್ಕ ದೂರದಲ್ಲಿ ನಿಂತಿದ್ದವರು ಆ ಬೆರಳನ್ನೇ ನೋಡುತ್ತಿದ್ದರು. ಅವರ ಬಲಗೈ ಪಕ್ಕದಲ್ಲಿ ಗಾಳಿಯಲ್ಲೇ ಏನನ್ನೋ ಮುಟ್ಟುತ್ತಿತ್ತು, ಒಂದು, ಎರಡು, ಮೂರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಸಂಚಿಕೆಯ ಒಂದು ಪ್ರತಿ ಕೊಡಲೆಂದು ನಾನು ಮಾರುಕಟ್ಟೆಯ ಹಿಂದಿನ ಓಣಿಗೆ ಹೋದೆ. ಸೂಜಿಯಮ್ಮನ ಬಾಗಿಲು ಮುಚ್ಚಿತ್ತು. ತಟ್ಟಬೇಕೆಂದು ಕೈಯೆತ್ತಿದಾಗ ಒಳಗೆ ಅಗಳಿ ಬಿದ್ದ ಸದ್ದಾಯಿತು. ನಾನು ಕೈ ಇಳಿಸಿ ಹಾಗೆಯೇ ನಿಂತೆ. ಸ್ವಲ್ಪ ಹೊತ್ತಿಗೆ ಅಗಳಿ ಸರಿದ ಸದ್ದು ಬಂತು. ಬಾಗಿಲು ಮಾತ್ರ ತೆರೆಯಲಿಲ್ಲ. ಓಣಿಯಲ್ಲಿ ನನ್ನ ಹೊರತು ಯಾರೂ ಇರಲಿಲ್ಲ. ಇನ್ನಷ್ಟು ಹೊತ್ತು ಕಳೆದ ಮೇಲೆ, ಮೆಲ್ಲನೆ, ಅಗಳಿ ಮತ್ತೆ ಬಿತ್ತು.